ನಲವತ್ತು ಗ್ರಾಂ

ಇಲಾಖೆಯ ಪೆಟ್ಟಿಗೆಯನ್ನು ಲಾಡ್ಜಿನ ಮಂಚದ ಕೆಳಗೆ ತಳ್ಳಿ
ಬೀದಿಗಿಳಿದೆ.
ಮಕಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬೊಟ್ಟುಗಳು ಮಲಗಿವೆ
ಐದು ಕಿಲೋದಿಂದ ಒಂದು ಗ್ರಾಮಿನವರೆಗೆ,
ತುಂಬಿದ ಸಂಸಾರದ ಹಾಗೆ.
ನನಗೆ ಹಸಿವು.

ವಿರಾಜಪೇಟೆಗೆ ಇವತ್ತು ಸಂತೆ, ತೋಟಗಳಲ್ಲಿ ಬಟವಾಡೆ.
ಪಿಕಪ್ಪುಗಳು ತಂದು ಸುರಿಯುತ್ತಿವೆ
ಕಾಫಿ ಕುಯ್ದು ಕಪ್ಪಾದ ಬೆರಳುಗಳನ್ನು.
ಅಸ್ಸಾಮಿನ ಹುಡುಗರು ಸಾಸಿವೆ ಎಣ್ಣೆಯ ಬಾಟಲಿ ಅಲುಗಿಸಿ
ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ.
ಒಬ್ಬಾಕೆ ಒಂದೇ ಕಾಲಿಗೆ ಚಪ್ಪಲಿ ಹಾಕಿ ನಿಂತಿದ್ದಾಳೆ,
ಅದರ ಜೋಡಿ ರಾಶಿಯಲ್ಲೆಲ್ಲೋ ಇದೆಯಂತೆ.
ಗಡಿಯಾರ ಕಂಬ ತನಗೆ ತೋಚಿದ ಹೊತ್ತು ಹೇಳುತ್ತಿದೆ.
ಅದನ್ನು ಪರೀಕ್ಷಿಸುವುದು ನನ್ನ ಕೆಲಸವಲ್ಲ, ಸದ್ಯ.

ಸುದ್ದಿ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತದೆ.
ತೆಲುಗರ ಬೀದಿಗೆ ತಿರುಗಿದರೆ ತಕ್ಕಡಿಗಳು ನೆಟ್ಟಗಾಗುತ್ತವೆ,
ಈರುಳ್ಳಿಯವನು ಗಿರಾಕಿಯ ಚೀಲಕ್ಕೆ ಎರಡು ಹೆಚ್ಚು ಹಾಕುತ್ತಾನೆ,
ಅವಳು ಬೆರಗಾಗಿ ತಿರುತಿರುಗಿ ನೋಡುತ್ತಾಳೆ.
ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ
ನನ್ನಿಂದ ಯಾರಿಗಾದರೂ ಉಪಕಾರವಾಗಿದ್ದರೆ
ಆ ಎರಡು ಈರುಳ್ಳಿ.

ಮೊದಲ ಹೋಟೆಲಿನಲ್ಲಿ ಪಂದಿ ಕರಿಯ ಕಪ್ಪು ಘಮ,
ಕಾಚಂಪುಳಿ ಬಾಗಿಲಿಗೇ ಬಂದು ಕೈ ಹಿಡಿಯಿತು.
ಗಲ್ಲಾದಲ್ಲಿದ್ದ ಉತ್ತಯ್ಯ ಎದ್ದೇ ನಿಂತ:
"ಬನ್ನಿ ಬನ್ನಿ, ನಿಮ್ಮ ಹತ್ರ ದುಡ್ಡಾ!"
ಕಡಂಬಿಟ್ಟಿನ ಉಂಡೆಗಳು ಆವಿಯೊಳಗಿಂದ ನನ್ನನ್ನೇ ನೋಡುತ್ತಿದ್ದವು.
ಫೋನು ಬಂದವನ ಹಾಗೆ ಕಿವಿಗೆ ಕೈಯಿಟ್ಟು
ಹೊರಬಂದೆ.

ದೊಡ್ಡಟ್ಟಿ ಚೌಕಿಯ ಹತ್ತಿರ ಶಟರು ಅರ್ಧ ಇಳಿದಿತ್ತು.
"ಇಡ್ಲಿ ಮುಗೀತು ಸಾರ್."
ಅವನ ಬೆನ್ನ ಹಿಂದೆ
ಮುಗಿದ ಇಡ್ಲಿ ಹೊಗೆಯಾಡುತ್ತಿತ್ತು.

ಮೆಣಸಿನ ಮಂಡಿಯಲ್ಲಿ ದೀಪ ಆರಿಸುವ ಹೊತ್ತು.
ನೆಲ ಗುಡಿಸುವ ಮುದುಕಿ ಕಾಳು ಒಂದೊಂದೇ ಹೆಕ್ಕಿ
ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು.
ನಾನು ಆಕಾಶ ನೋಡಿದೆ.

ಮೀನುಪೇಟೆಯ ಕಡೆ ಇಳಿದಾಗ ಇರಿಟ್ಟಿಯ ಬಸ್ಸು
ಕೊನೆಯ ಹಾರ್ನು ಹಾಕುತ್ತಿತ್ತು.
ನಾಲ್ಕು ಬೆಂಚು, ಒಂದು ಕಾವಲಿ, ಬೋರ್ಡಿಲ್ಲ.
ಕೂತು, ನೀರು ಕುಡಿದು, ಪತ್ತಿರಿ ಹೇಳಿದ ಮೇಲೆ
ಒಳಗಿನಿಂದ ತಟ್ಟೆ ಹಿಡಿದು ಬಂದವನು
ಬೆಳಗಿನ ಮೊಯ್ದುಟ್ಟಿ.

ಮೀನಂಗಡಿಯ ಅವನ ತಕ್ಕಡಿ
ಕಿಲೋಗೆ ನಲವತ್ತು ಗ್ರಾಂ ಮೊದಲೇ ತಿಂದು ಕೂತಿತ್ತು.
ಸೀಲು ಹಾಕಿದ್ದೆ. ಅವನು ಏನೂ ಅಂದಿರಲಿಲ್ಲ,
ಐಸಿನ ಮೇಲೆ ಅಂಗೈ ಊರಿ ನೋಡುತ್ತಿದ್ದ
ಬಹಳ ಹೊತ್ತು. ಕೈ ಕೊರೆಯಲಿಲ್ಲವೇ ಎಂದು
ಜೀಪಿನಲ್ಲಿ ಕೂತ ಮೇಲೆ ಅನ್ನಿಸಿತ್ತು.

ಏಳಬೇಕಿತ್ತು.
ಹಸಿದವನ ಕಾಲು ಇಲಾಖೆಯ ಮಾತು ಕೇಳುವುದಿಲ್ಲ.

ಪತ್ತಿರಿ ನಾಲ್ಕು. ಮತ್ತಿ ಎರಡು.
ತೆಂಗಿನ ಹಾಲಿನ ಸಾರು ಒಂದು ಸೌಟು, ಅಂಚು ಮುಟ್ಟದ ಹಾಗೆ.
ಪಕ್ಕದ ಮೇಜಿನವರಿಗೂ ಅಷ್ಟೇ.
ಎಣಿಸಿದೆ. ನನ್ನ ರೋಗ.

ಕಾವಲಿಯ ಮುಂದಿನ ನಬೀಸಾ, ಅವನ ಅಕ್ಕನಿರಬೇಕು,
ಮಲಯಾಳದಲ್ಲಿ ಏನೋ ಕೇಳಿದಳು.
ಅವನು ಗಲ್ಲ ಆಡಿಸಿ ನನ್ನನ್ನು ತೋರಿಸಿದ.
ಅವಳು ಇಷ್ಟೇ ಇಷ್ಟು ನಕ್ಕು
ಮತ್ತೆ ಹಿಟ್ಟು ತಟ್ಟಿದಳು.

ಬೆರಳು ನೆಕ್ಕುತ್ತಿದ್ದಾಗ
ತಟ್ಟೆಗೆ ಬಿತ್ತು ಇನ್ನೊಂದು ಪತ್ತಿರಿ,
ತೆಳ್ಳಗೆ, ಕೈ ಸುಡುವಂಥದ್ದು.
"ನಲವತ್ತು ಗ್ರಾಂ," ಅಂದ.

ಲಂಚವೋ, ವಾಪಸಾತಿಯೋ, ಮೂದಲಿಕೆಯೋ?
ಯಾವ ಬೊಟ್ಟು ಇಟ್ಟು ತೂಗಲಿ,
ಪೆಟ್ಟಿಗೆ ಲಾಡ್ಜಿನಲ್ಲಿದೆ.
ಇದು ಸೇರಬೇಕಾದದ್ದು ದಿನಾ ಅರ್ಧ ಕಿಲೋ ಮತ್ತಿ ಒಯ್ಯುವವರಿಗೆ,
ಅವರು ಯಾರೂ ಇಲ್ಲಿ ಕೂತಿಲ್ಲ
ಅಥವಾ ಎಲ್ಲರೂ ಕೂತಿದ್ದಾರೆ.
ಸಾರಿನಲ್ಲಿ ಅದ್ದಿದೆ. ಮೆತ್ತಗಾಯಿತು. ಇಳಿಯಿತು.
ಐದರಲ್ಲಿ ಅದೇ ರುಚಿ, ಸುಳ್ಳೇಕೆ.

ಐದಕ್ಕೂ ದುಡ್ಡಿಟ್ಟೆ.
ನಾಲ್ಕರದು ಎಣಿಸಿಕೊಂಡು ಉಳಿದದ್ದು ಸರಿಸಿದ.
ಮೇಜಿನ ನಡುವೆ ಎಂಟು ರೂಪಾಯಿ.
ಅವನೂ ಮುಟ್ಟಲಿಲ್ಲ, ನಾನೂ.

ಹೊರಗೆ ಚಳಿ ಬಿದ್ದಿತ್ತು. ಚಪ್ಪಲಿಯ ರಾಶಿಗೆ ಟಾರ್ಪಾಲು ಹೊದಿಸುತ್ತಿದ್ದರು.
ಆಕೆ ಪಿಕಪ್ಪು ಹತ್ತುತ್ತಿದ್ದಳು
ಎರಡೂ ಕಾಲಿಗೆ ಹಾಕಿಕೊಂಡು.
ಜೋಡಿಯೇ ಸಿಕ್ಕಿತೋ ಏನೋ,
ಕತ್ತಲಲ್ಲಿ ಕಾಣಲಿಲ್ಲ.